ಎರಡೇ ದಿನ ರಜೆ, ಉತ್ತರ ಕನ್ನಡದಲ್ಲಿ ಏನು ನೋಡಬೇಕು?

ನಮ್ಮ ಜಿಲ್ಲೆಗೆ ಬರುವವರು ಹೊರಡುವ ಮೊದಲೇ ಒಂದು ಪಟ್ಟಿ ಕಳಿಸುತ್ತಾರೆ. ಯಾಣ, ಮಾಗೋಡು, ಸಾತೊಡ್ಡಿ, ಉಂಚಳ್ಳಿ, ದಾಂಡೇಲಿ, ಗೋಕರ್ಣ, ಮುರುಡೇಶ್ವರ. "ಶನಿವಾರ, ಭಾನುವಾರ ಎರಡೇ ದಿನ ರಜೆ. ಇದರಲ್ಲಿ ಯಾವುದನ್ನು ಬಿಡಬಹುದು?" ಎಂಬುದು ಪಟ್ಟಿಯ ಕೆಳಗಿನ ಪ್ರಶ್ನೆ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಘಟ್ಟದ ಜಿಲ್ಲೆ ಇದು. ದಾಂಡೇಲಿಯಿಂದ ಮುರುಡೇಶ್ವರ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಪಟ್ಟಿ ಬಿಡಿ, ಒಂದು ಹೊಳೆ ಹಿಡಿಯಿರಿ. ಅಘನಾಶಿನಿಯನ್ನು ಹಿಡಿಯಿರಿ.

ಕಾಳಿಗೂ ಶರಾವತಿಗೂ ಕಟ್ಟಿದಂತೆ ಇದಕ್ಕೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಮಲೆನಾಡಿನಲ್ಲಿ ಬಿದ್ದ ಮಳೆ ತಡೆಯಿಲ್ಲದೆ ಕಡಲಿಗೆ ಹೋಗುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಹೊಳೆಯ ಮೂಲವೆಂದು ಜನ ತೋರಿಸುವುದು ಶಿರಸಿ ಪೇಟೆಯೊಳಗಿನ ಶಂಕರ ಹೊಂಡವನ್ನು. ಅಲ್ಲಿ ಐದು ನಿಮಿಷ ನಿಂತರೆ ಸಾಕು. ಮುಂದೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟಗಳ ನಡುವೆ ಹಳ್ಳಗಳು ಕೂಡಿಕೊಳ್ಳುತ್ತವೆ. ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಮರಗಳು ಈ ಹೊಳೆಯ ದಂಡೆಯಲ್ಲಿವೆ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ದಾಟಿದ ಮೇಲೆ ನೀರು ಘಟ್ಟದ ಅಂಚಿಗೆ ಬಂದು 116 ಮೀಟರ್ ಕೆಳಗೆ ಧುಮುಕುತ್ತದೆ. ಅದೇ ಉಂಚಳ್ಳಿ. ಲುಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1845ರಲ್ಲಿ ಇದನ್ನು "ಕಂಡುಹಿಡಿದ" ಎಂದು ಬರೆಯುವುದುಂಟು. ಊರವರು ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. ಸದ್ದಿಗೆ ಕಿವಿ ಕೆಪ್ಪಾಗುವ ಜೋಗ. ನನಗೆ ಆ ಹೆಸರೇ ಸರಿ. ಜುಲೈನಲ್ಲಿ ಬಂದರೆ ಬಹಳ ಸಲ ಸದ್ದು ಮಾತ್ರ ಸಿಗುತ್ತದೆ, ಜಲಪಾತ ಮಂಜಿನೊಳಗೆ ಇರುತ್ತದೆ. ಅಕ್ಟೋಬರ್ ಕೊನೆಗೆ ಬನ್ನಿ. ನೀರೂ ಇರುತ್ತದೆ, ಮಂಜೂ ಸರಿದಿರುತ್ತದೆ. ಸುತ್ತಲಿನ ಕಣಿವೆ ಸಿಂಗಳೀಕಗಳ ಮನೆ. ಅವುಗಳಿಗಾಗಿಯೇ 2011ರಲ್ಲಿ ಇಲ್ಲಿನ ಕಾಡನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ದಯವಿಟ್ಟು ಅವುಗಳಿಗೆ ಬಿಸ್ಕತ್ತು ಎಸೆಯಬೇಡಿ.

ಎರಡನೆಯ ದಿನ ದೊಡ್ಮನೆ ಘಟ್ಟ ಇಳಿದು ಕುಮಟಾ ಕಡೆಗೆ ಹೋಗಿ. ಹೆಚ್ಚಿನವರು ಬಿಟ್ಟುಬಿಡುವ ಭಾಗ ಇದೇ, ನನಗೆ ಅತಿ ಪ್ರೀತಿಯ ಭಾಗವೂ ಇದೇ. ಮಿರ್ಜಾನ್ ಕೋಟೆಯ ಆಚೆ ಹೊಳೆ ಅಗಲವಾಗಿ, ನಿಧಾನವಾಗಿ, ಉಪ್ಪಾಗುತ್ತ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನನ್ನು ಆರಿಸುತ್ತಾರೆ. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಅವುಗಳ ಹಿಂದೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ. ತೆನೆಯನ್ನಷ್ಟೇ ಕೊಯ್ದು, ಉಳಿದ ಬುಡವನ್ನು ಮೀನು, ಸಿಗಡಿಗಳಿಗೆ ಬಿಡುವ ಪದ್ಧತಿ ಇಲ್ಲಿಯದು. ಸುಮಾರು 4,800 ಹೆಕ್ಟೇರಿನ ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿ ಸೇರಿದ್ದು ಸುಮ್ಮನೆ ಅಲ್ಲ.

ಬಳಚಿಗೂ ಕಗ್ಗಕ್ಕೂ ಬೇಕಾದದ್ದು ಬರೀ ಉಪ್ಪುನೀರಲ್ಲ, ಉಂಚಳ್ಳಿಯಲ್ಲಿ ಧುಮುಕಿ ಬಂದ ಸಿಹಿನೀರು ಅದರೊಡನೆ ಹದವಾಗಿ ಬೆರೆಯಬೇಕು. ಈ ಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮಾತು ಎದ್ದಾಗಲೆಲ್ಲ "ಸುಮ್ಮನೆ ಸಮುದ್ರಕ್ಕೆ ಹೋಗುವ ನೀರು" ಎಂಬ ವಾದ ಕೇಳಿಬರುತ್ತದೆ. ನನಗೆ ಸಿಟ್ಟು ಬರುವುದು ಆ "ಸುಮ್ಮನೆ" ಎಂಬ ಪದಕ್ಕೆ.

ಕೊನೆಗೆ ಹೊಳೆ ಕಡಲು ಸೇರುವಲ್ಲಿರುವ ತದಡಿಗೆ ಬನ್ನಿ. ಆಚೆ ದಡದಲ್ಲಿ ಕಾಣುವ ಊರಿಗೂ ಹೊಳೆಯದೇ ಹೆಸರು, ಅಘನಾಶಿನಿ. ದೋಣಿಯಲ್ಲಿ ದಾಟಬಹುದು. ಭರತದ ಹೊತ್ತಾದರೆ ಕಡಲಿನ ನೀರು ಹೊಳೆಯೊಳಗೆ ಏರಿ ಬರುವುದು ದೋಣಿಯಿಂದಲೇ ಕಾಣುತ್ತದೆ.