ಮನೆ ಸರ್ವರ್: ಗೆಸ್ಟ್‌ಗೆ ಎವಿಎಕ್ಸ್ ಕೊನೆಗೂ ದಕ್ಕಿತು

ಹೊಸ ಪ್ರೊಸೆಸರ್ ಬಂದ ಮೇಲೆ ಕೆಲಸ ನಿಧಾನವಾಯಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಆದದ್ದು ಅದೇ. ಇಂಟೆಲ್‌ನ ಹ್ಯಾಸ್‌ವೆಲ್ ಪೀಳಿಗೆಯ ಐ7-4770 ಪೆಟ್ಟಿಗೆಯಿಂದ ಎಸ್‌ಎಸ್‌ಡಿ ಬಿಚ್ಚಿ ಸೆಕೆಂಡ್ ಹ್ಯಾಂಡ್ ಜಿಯಾನ್ ಡಬ್ಲ್ಯೂ-2133 ವರ್ಕ್‌ಸ್ಟೇಷನ್ನಿಗೆ ಸಿಕ್ಕಿಸಿದೆ. ಬೂಟ್ ಆಯಿತು, ವಿಎಂಗಳೆಲ್ಲ (ವರ್ಚುವಲ್ ಯಂತ್ರಗಳು; ಇವು ಗೆಸ್ಟ್, ಇವನ್ನು ಹೊತ್ತ ಯಂತ್ರ ಹೋಸ್ಟ್) ಎದ್ದು ನಿಂತವು. ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ಟೆಸರಾಕ್ಟ್ ಮೂಲಕ ಪಠ್ಯವಾಗಿಸುವ ವಿಎಂ ಮಾತ್ರ ತೆವಳತೊಡಗಿತು.

ಟೆಸರಾಕ್ಟ್‌ನ ಆವೃತ್ತಿ ಕೇಳಿದರೆ ಪ್ರೊಸೆಸರಿನಲ್ಲಿ ತನಗೆ ಏನೇನು ಸಿಕ್ಕಿತೆಂದೂ ಅದು ಹೇಳುತ್ತದೆ. ಹಳೆಯ ಯಂತ್ರದಲ್ಲಿ ಒಂದೇ ಏಟಿಗೆ ಹಲವು ಸಂಖ್ಯೆಗಳನ್ನು ಲೆಕ್ಕ ಹಾಕುವ ವೆಕ್ಟರ್ ಆದೇಶಗಳ ಗುಂಪುಗಳಾದ ಎವಿಎಕ್ಸ್2, ಎವಿಎಕ್ಸ್, ಎಫ್‌ಎಂಎ, ಎಸ್‌ಎಸ್‌ಇ 4.1. ಹೊಸದರಲ್ಲಿ ಎಸ್‌ಎಸ್‌ಇ 4.1 ಒಂದೇ. ಎವಿಎಕ್ಸ್-512ರ 512 ಬಿಟ್ ಅಗಲದ ರಿಜಿಸ್ಟರುಗಳ (ಪ್ರೊಸೆಸರಿನೊಳಗೆ ಅಂಕಿ ಇಟ್ಟುಕೊಳ್ಳುವ ಜಾಗ) ಆಸೆಗೆ ದುಡ್ಡು ಕೊಟ್ಟವನ ಕೈಗೆ 128 ಬಿಟ್! ಟೆಸರಾಕ್ಟ್ ಸಭ್ಯ ತಂತ್ರಾಂಶ, ಇದ್ದುದರಲ್ಲೇ ಕೆಲಸ ಸಾಗಿಸುತ್ತದೆ. ಪಕ್ಕದ ವಿಎಂನ ಮಾಂಗೋಡಿಬಿ ಎಂಬ ಡೇಟಾಬೇಸ್‌ಗೆ ಅಂಥ ದಾಕ್ಷಿಣ್ಯವಿಲ್ಲ, 5.0 ಆವೃತ್ತಿಯಿಂದ ಅದಕ್ಕೆ ಎವಿಎಕ್ಸ್ ಕಡ್ಡಾಯ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಗೊಣಗಿ ನೆಲ ಕಚ್ಚಿತು.

‘ಸಿಪಿಯು ಮಾದರಿಯನ್ನು ಹೋಸ್ಟ್-ಪಾಸ್‌ಥ್ರೂ ಮಾಡಿ’ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಹೋಸ್ಟ್‌ನ ಪ್ರೊಸೆಸರನ್ನು ಇದ್ದ ಹಾಗೆಯೇ ಗೆಸ್ಟ್‌ಗೆ ತೋರಿಸುವ ಆ ಆಯ್ಕೆ ಮೊದಲಿನಿಂದಲೂ ಇತ್ತು. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್ ಸಂರಚನೆಯಲ್ಲಿ ಎವಿಎಕ್ಸ್‌ಗೆ ‘ರಿಕ್ವೈರ್’ ಎಂದು ಬರೆದರೆ, ಆ ಒಂದು ಫೀಚರ್ ಕಾಣೆಯಾಗಿದೆ ಎಂದು ವಿಎಂ ಏಳಲೇ ಇಲ್ಲ. ವಿಎಂ ಓಡಿಸುವ ತಂತ್ರಾಂಶ ಕ್ಯೂಎಂಯು ಅನ್ನು ನೇರವಾಗಿ ಪ್ಲಸ್ ಎವಿಎಕ್ಸ್ ಕೊಟ್ಟು ಓಡಿಸಿದರೆ, ಸಿಪಿಯುಐಡಿ (ಪ್ರೊಸೆಸರ್ ತನ್ನ ಸಾಮರ್ಥ್ಯಗಳನ್ನು ಹೇಳಿಕೊಳ್ಳುವ ಪಟ್ಟಿ) 1ರ ಇಸಿಎಕ್ಸ್‌ನ 28ನೇ ಬಿಟ್, ಅಂದರೆ ಎವಿಎಕ್ಸ್‌ನ ಗುರುತು, ಹೋಸ್ಟ್‌ನಲ್ಲಿ ಇಲ್ಲವೆಂಬ ಎಚ್ಚರಿಕೆ.

ಇಲ್ಲಿ ಜಬರದಸ್ತಿ ನಡೆಯದಿರುವುದಕ್ಕೆ ಕಾರಣವಿದೆ. ಗೆಸ್ಟ್ ನೋಡುವ ಸಿಪಿಯುಐಡಿ ಹೇಗೂ ನಾವು ಬರೆದುಕೊಟ್ಟ ಪಟ್ಟಿ; ಅದರಲ್ಲಿ ಏನು ಬೇಕಾದರೂ ಬರೆಯಬಹುದು. ಆದರೆ ಎವಿಎಕ್ಸ್‌ನ ವೈಎಂಎಂ ರಿಜಿಸ್ಟರುಗಳನ್ನು ಮುಟ್ಟಬೇಕಾದರೆ ಅನುಮತಿ ಕೊಡುವ ಎಕ್ಸ್‌ಸಿಆರ್0 ಎಂಬ ರಿಜಿಸ್ಟರಿನಲ್ಲಿ 2ನೇ ಬಿಟ್ ಏರಿರಬೇಕು, ಎವಿಎಕ್ಸ್-512ಕ್ಕೆ 5, 6, 7ನೇ ಬಿಟ್‌ಗಳೂ ಬೇಕು. ಆ ಬಿಟ್‌ಗಳನ್ನು ಏರಿಸುವ ಎಕ್ಸ್‌ಸೆಟ್‌ಬಿವಿ ಆದೇಶವನ್ನು ಗೆಸ್ಟ್ ನಡೆಸಿದ ತಕ್ಷಣ ನಿಯಂತ್ರಣ ಹೋಸ್ಟ್‌ನ ಲಿನಕ್ಸ್ ಕರ್ನಲ್‌ನ (ವ್ಯವಸ್ಥೆಯ ತಿರುಳು) ಭಾಗವಾದ ಕೆವಿಎಂ ಕೈಗೆ ಬರುತ್ತದೆ. ಹೋಸ್ಟ್ ಕರ್ನಲ್ ತಾನೇ ತೆರೆಯದ ಬಿಟ್ಟನ್ನು ಕೆವಿಎಂ ಗೆಸ್ಟ್‌ಗೆ ಕೊಡುವುದಿಲ್ಲ. ಹಾಗಾದರೆ ಗೆಸ್ಟ್ ಸಂರಚನೆಯನ್ನು ಕೆದಕುವುದರಲ್ಲಿ ಅರ್ಥವಿಲ್ಲ, ಹೋಸ್ಟ್‌ನ ಕಡೆಗೇ ತಿರುಗಬೇಕು.

ತಿರುಗಿದೆ. ಹೋಸ್ಟ್‌ನಲ್ಲಿ ಪ್ರೊಸೆಸರಿನ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಆದೇಶದಲ್ಲೂ ಎವಿಎಕ್ಸ್ ಇಲ್ಲ! ಆದರೆ ಸಿಪಿಯುಐಡಿ ಉಪಕರಣದಿಂದ ಕಚ್ಚಾ ಮೌಲ್ಯ ತೆಗೆದರೆ 28ನೇ ಬಿಟ್ 1. ಸಿಲಿಕಾನ್ ಇದೆ ಎನ್ನುತ್ತದೆ, ಕರ್ನಲ್ ಇಲ್ಲ ಎನ್ನುತ್ತದೆ. ಬೂಟ್ ಸಾಲಿನಲ್ಲಿ ಎವಿಎಕ್ಸ್ ಅನ್ನು ಕೊಲ್ಲುವ ಯಾವ ಆಯ್ಕೆಯೂ ಇರಲಿಲ್ಲ. ಬಯೋಸ್ ನೋಡೋಣವೆಂದರೆ ಹಿಂದಿನ ಕಂಪನಿಯವರು ಹಾಕಿದ ಪಾಸ್‌ವರ್ಡ್ ಹಾಗೆಯೇ ಇದೆ. ಮಾರಿದವರಿಗೆ ಫೋನ್ ಮಾಡಿದರೆ, ‘ಬಯೋಸ್ ಎಲ್ಲ ಅಪ್‌ಡೇಟ್ ಮಾಡಿಯೇ ಕೊಟ್ಟಿದ್ದೇವೆ ಸಾರ್’ ಎಂಬ ಉತ್ತರ. ಪಾಸ್‌ವರ್ಡ್ ಗೊತ್ತಿಲ್ಲದೆ ಅದು ಹೇಗೆ ಸಾಧ್ಯವಾಯಿತು ಎಂದು ಕೇಳಿದಾಗ ಲೈನ್ ಕಟ್ಟಾಯಿತು. ನಾನು ತರಿಸಿದ ಸಿಪಿಯು ಫ್ಯಾನಿನ ಬದಲು ಕೇಸ್ ಫ್ಯಾನ್ ಕಳಿಸಿ ‘ಅದೂ ಗಾಳಿಯೇ ಅಲ್ಲವೇ’ ಎಂದವರೂ ಇವರೇ.

ಸುಳಿವು ಸಿಕ್ಕಿದ್ದು ಕರ್ನಲ್ ಸಂದೇಶಗಳ ದಾಖಲೆಯಾದ ಡಿಮೆಸೆಜ್‌ನಲ್ಲಿ, ಯುಎಸ್‌ಬಿ ಗಲಾಟೆಯ ಸಾಲುಗಳಿಗಿಂತ ಎಷ್ಟೋ ಮೇಲೆ. ಜಿಡಿಎಸ್ ಎಂಬ ತಲೆಪಟ್ಟಿಯ ಕೆಳಗೆ, ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸಣ್ಣ ತಂತ್ರಾಂಶ) ನವೀಕರಣ ಬೇಕು, ಅಲ್ಲಿಯವರೆಗೆ ರಕ್ಷಣೆಗಾಗಿ ಎವಿಎಕ್ಸ್ ಬಂದ್ ಎಂಬ ಒಂದೇ ಸಾಲು.

ಜಿಡಿಎಸ್ ಎಂದರೆ ಗ್ಯಾದರ್ ಡೇಟಾ ಸ್ಯಾಂಪ್ಲಿಂಗ್, ಅಡ್ಡಹೆಸರು ಡೌನ್‌ಫಾಲ್, 2023ರ ಆಗಸ್ಟ್‌ನಲ್ಲಿ ಬಯಲಾದ ದೋಷ. ಗೂಗಲ್‌ನ ಡೇನಿಯಲ್ ಮೊಘಿಮಿ ಪತ್ತೆ ಹಚ್ಚಿದ್ದು. ಚದುರಿದ ಕಡೆಗಳಿಂದ ದತ್ತಾಂಶ ಒಟ್ಟುಮಾಡುವ ಗ್ಯಾದರ್ ಆದೇಶ, ಪ್ರೊಸೆಸರ್ ಮುಂದಿನದನ್ನು ಊಹಿಸಿ ಓಡುವಾಗ, ವೆಕ್ಟರ್ ರಿಜಿಸ್ಟರುಗಳ ಹಳೆಯ ದತ್ತಾಂಶವನ್ನು ಸೋರಿಸುತ್ತದೆ. ಸ್ಕೈಲೇಕ್‌ನಿಂದ (ನನ್ನ ಜಿಯಾನ್ ಆ ಪೀಳಿಗೆಯದು) ಹಿಡಿದು 11ನೇ ಪೀಳಿಗೆಯವರೆಗಿನ ಇಂಟೆಲ್ ಚಿಪ್‌ಗಳಿಗೆ ಇದು ಅಂಟಿದೆ. ಹ್ಯಾಸ್‌ವೆಲ್‌ಗೆ ಇಲ್ಲ! ಅದೇ ಎಸ್‌ಎಸ್‌ಡಿ, ಅದೇ ಕರ್ನಲ್ ಹಳೆಯ ಪೆಟ್ಟಿಗೆಯಲ್ಲಿ ಕೊಡುತ್ತಿದ್ದ ಎವಿಎಕ್ಸ್2 ಹೊಸದರಲ್ಲಿ ಮಾಯವಾದ ಗುಟ್ಟು ಇಲ್ಲಿದೆ.

ಸಾಮಾನ್ಯ ಕರ್ನಲ್ ಆಗಿದ್ದರೆ ಮೈಕ್ರೋಕೋಡ್ ಇಲ್ಲದಿದ್ದಾಗ ‘ಅಪಾಯವಿದೆ’ ಎಂದು ಬರೆದು ಸುಮ್ಮನಾಗುತ್ತಿತ್ತು. ನಾನು ಬಳಸುತ್ತಿರುವುದು ಭದ್ರತೆಯನ್ನೇ ಉಸಿರಾಡುವವರು ಕಟ್ಟಿದ ಕರ್ನಲ್. ಅವರು ಕಟ್ಟುವಾಗಲೇ ಜಿಡಿಎಸ್ ಫೋರ್ಸ್ ಮಿಟಿಗೇಶನ್ ಆಯ್ಕೆಯನ್ನು ಒಳಗೆ ಸೇರಿಸಿದ್ದಾರೆ. ಬೂಟ್ ಸಾಲಿನಲ್ಲಿ ಸುಳಿವು ಉಳಿಯುವುದಾದರೂ ಹೇಗೆ? ಈ ಆಯ್ಕೆ ಎವಿಎಕ್ಸ್ ಒಂದನ್ನೇ ಕಿತ್ತುಹಾಕುವುದಿಲ್ಲ. ಎವಿಎಕ್ಸ್ ಹೋದರೆ ಅದನ್ನು ನಂಬಿದ ಎವಿಎಕ್ಸ್2, ಎಫ್‌ಎಂಎ, ಎವಿಎಕ್ಸ್-512 ಎಲ್ಲವೂ ಸಂಸಾರ ಸಮೇತ ಹೊರಡುತ್ತವೆ.

ಸರಿ, ಮೈಕ್ರೋಕೋಡ್ ಬೇಕು. ಪ್ಯಾಕೇಜ್ ಇದೆ, ಹೊಸದೂ ಹೌದು. ಎಲ್‌ಎಸ್‌ಇನಿಟ್‌ಆರ್‌ಡಿ ಹಾಕಿ ನೋಡಿದರೆ ಇನಿಟ್‌ಆರ್‌ಡಿಯ (ಬೂಟ್‌ನ ಆರಂಭಕ್ಕೆ ಬೇಕಾದ ಕಡತಗಳ ಗಂಟು) ಮುಂಭಾಗದಲ್ಲಿ ಜೆನ್ಯೂಯಿನ್‌ಇಂಟೆಲ್ ಡಾಟ್ ಬಿನ್ ಕಡತ ಅಚ್ಚುಕಟ್ಟಾಗಿ ಕೂತಿದೆ. ಎಲ್ಲವೂ ಸರಿ, ಆದರೂ ಲೋಡ್ ಆಗುವುದಿಲ್ಲ. ನಿಜವಾಗಿ ತಲೆ ಕೆಟ್ಟದ್ದು ಈ ಹಂತದಲ್ಲಿ. ಓಡುತ್ತಿರುವ ಕರ್ನಲ್‌ಗೆ ತಡವಾಗಿ ಮೈಕ್ರೋಕೋಡ್ ಉಣಿಸುವ ದಾರಿ ಇದೆಯಾದರೂ ಪ್ರಯೋಜನವಿಲ್ಲ. ಎವಿಎಕ್ಸ್‌ನ ಹಣೆಬರಹ ಬೂಟ್‌ನ ಆರಂಭದಲ್ಲೇ ತೀರ್ಮಾನವಾಗಿರುತ್ತದೆ.

ಕೊನೆಗೆ ಆ ಕಡತವನ್ನೇ ಹೊರತೆಗೆದು ಐಯುಕೋಡ್ ಟೂಲ್‌ನಿಂದ ಒಳಗೇನಿದೆ ಎಂದು ಪಟ್ಟಿ ಮಾಡಿಸಿದೆ. ಸಹಿ (ಪ್ರೊಸೆಸರ್ ಮಾದರಿಯ ಗುರುತು) 0x306c3. ಅದು ಹ್ಯಾಸ್‌ವೆಲ್‌ನದು! ನನ್ನ ಜಿಯಾನ್‌ನ ಸಹಿ 0x50654. ಡ್ರಾಕಟ್ ‘ಹೋಸ್ಟ್ಓನ್ಲಿ’ ಸ್ಥಿತಿಯಲ್ಲಿ ಇನಿಟ್‌ಆರ್‌ಡಿ ಕಟ್ಟುವಾಗ, ಆ ಹೊತ್ತಿಗೆ ತಾನು ಕೂತಿರುವ ಪ್ರೊಸೆಸರಿನ ಮೈಕ್ರೋಕೋಡ್ ಒಂದನ್ನೇ ಸೇರಿಸುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕಟ್ಟಿದ ಇನಿಟ್‌ಆರ್‌ಡಿಯೊಳಗೆ ಹ್ಯಾಸ್‌ವೆಲ್‌ನ 06-3c-03 ಇತ್ತು, ಜಿಯಾನ್‌ನ 06-55-04 ಇರಲಿಲ್ಲ. ಕಡತದ ಹೆಸರು ಎರಡಕ್ಕೂ ಒಂದೇ ಆದ್ದರಿಂದ ಮೇಲಿನಿಂದ ನೋಡಿದರೆ ಏನೂ ತಿಳಿಯದು. ಬೇರೆಯವರ ಕನ್ನಡಕವನ್ನು ನಮ್ಮ ಡಬ್ಬಿಯಲ್ಲಿಟ್ಟು ಕೊಟ್ಟ ಹಾಗೆ. ಜಾಗ ಉಳಿಸಿದ ಡ್ರಾಕಟ್‌ನ ಜಿಪುಣತನಕ್ಕೆ ಒಂದು ನಮಸ್ಕಾರ.

ಮುಂದಿನದು ಎರಡು ಆದೇಶಗಳ ಕೆಲಸ. ಹೋಸ್ಟ್ಓನ್ಲಿ ಇಲ್ಲದೆ ಇನಿಟ್‌ಆರ್‌ಡಿ ಮರುನಿರ್ಮಾಣ, ರೀಬೂಟ್. ದುರ್ಬಲತೆಗಳ ಪಟ್ಟಿಯಲ್ಲಿ ಜಿಡಿಎಸ್ ಎದುರು ‘ಮಿಟಿಗೇಶನ್: ಮೈಕ್ರೋಕೋಡ್’. ಡಿಮೆಸೆಜ್‌ನ ಎಫ್‌ಪಿಯು ಸಾಲಿನಲ್ಲಿ 0x2e7, 2440 ಬೈಟ್; ಅಂದರೆ ಎವಿಎಕ್ಸ್-512ರ ಬಿಟ್‌ಗಳೂ ತೆರೆದಿವೆ. ಆ ಸಂಖ್ಯೆ ನೋಡಿ ಇಷ್ಟು ಖುಷಿಪಡುವವರು ನಾವು ನಾಲ್ಕು ಜನ ಮಾತ್ರ ಇರಬೇಕು. ಗೆಸ್ಟ್‌ನ ಎಕ್ಸ್‌ಎಂಎಲ್‌ನಲ್ಲಿ ಒಂದಕ್ಷರವನ್ನೂ ಬದಲಿಸದೆ ಟೆಸರಾಕ್ಟ್‌ಗೆ ಎವಿಎಕ್ಸ್512ಎಫ್‌ವರೆಗೆ ಎಲ್ಲ ಸಿಕ್ಕಿತು. ಮಾಂಗೋ ಎದ್ದು ಕುಳಿತಿತು.

ಮೈಕ್ರೋಕೋಡ್ ಪುಕ್ಕಟೆಯೇನೂ ಅಲ್ಲ. ಗ್ಯಾದರ್ ಹೆಚ್ಚು ಬಳಸುವ ಕೆಲವು ಕೆಲಸಗಳು ಶೇ. 50ರವರೆಗೆ ನಿಧಾನವಾಗಬಹುದೆಂದು ಇಂಟೆಲ್ ಹೇಳಿದೆ. ನನ್ನ ಪುಟ ಓದುವ ವಿಎಂನಲ್ಲಿ ಅದರ ಪೆಟ್ಟು ಕಾಣಲಿಲ್ಲ. ಕಂಡರೂ ರಕ್ಷಣೆ ತೆಗೆಯುವುದಿಲ್ಲ. ಒಂದೇ ಹೋಸ್ಟ್‌ನಲ್ಲಿ ತಂಗಿಯ ಅಂಗಡಿಯ ಲೆಕ್ಕದ ವಿಎಂ ಕೂಡ ಇದೆ.

ಇನ್ನು ಹ್ಯಾಸ್‌ವೆಲ್ ಪೆಟ್ಟಿಗೆಯನ್ನು ಮಾರುವ ಯೋಚನೆ ಬಿಟ್ಟಿದ್ದೇನೆ. ಎರಡರ ನಡುವೆ ಲೈವ್ ಮೈಗ್ರೇಷನ್, ಅಂದರೆ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಸಾಗಿಸುವುದು, ಮುಂದಿನ ಆಟ. ಅಲ್ಲಿ ಹೋಸ್ಟ್-ಪಾಸ್‌ಥ್ರೂ ನಡೆಯುವುದಿಲ್ಲ, ಎರಡಕ್ಕೂ ಸಾಮಾನ್ಯವಾದ ಮಾದರಿ ಬೇಕು. ಲಿಬ್‌ವರ್ಟ್‌ನ ಉಪಕರಣ ವರ್ಶ್‌ನ ಬೇಸ್‌ಲೈನ್ ಆದೇಶ ಏನು ಸೂಚಿಸುತ್ತದೋ ನೋಡಬೇಕು, ಹ್ಯಾಸ್‌ವೆಲ್-ನೋಟಿಎಸ್‌ಎಕ್ಸ್ ಎಂದು ನನ್ನ ಊಹೆ. ಅಂದರೆ ವಲಸೆ ಹೋಗುವ ವಿಎಂಗಳಿಗೆ ಎವಿಎಕ್ಸ್2 ಸಾಕು, ಟೆಸರಾಕ್ಟ್ ಮಾತ್ರ ಜಿಯಾನ್‌ನಲ್ಲೇ ಬೇರು ಬಿಡುತ್ತದೆ. ಅದಕ್ಕೂ ಮೊದಲು ಕ್ಯೂಎಂಯು ಎಮ್ಯುಲೇಶನ್‌ನಲ್ಲಿ ಆರ್ಮ್ ಪ್ರೊಸೆಸರುಗಳ ವೆಕ್ಟರ್ ಆದೇಶಗಳಾದ ಎಸ್‌ವಿಇ ಆಡಿಸುವ ಆಸೆ ಇದೆ. ಅಲ್ಲಿ ವೆಕ್ಟರ್ ಅಗಲವನ್ನೇ 128ರಿಂದ 2048 ಬಿಟ್‌ವರೆಗೆ ನಾವೇ ಆರಿಸಿ ಕೊಡಬಹುದು. ಅದರ ವೇಗ ಹೇಗಿರುತ್ತದೆಂದು ದಯವಿಟ್ಟು ಕೇಳಬೇಡಿ.

ಬಯೋಸ್ ಪಾಸ್‌ವರ್ಡ್ ಇನ್ನೂ ಸಿಕ್ಕಿಲ್ಲ. ಮಾರಿದವರು ಈಗ ನನ್ನ ಫೋನ್ ಎತ್ತುತ್ತಿಲ್ಲ.