ಸಿಂಗಾಪುರ–ನ್ಯೂವಾರ್ಕ್: ಹದಿನೆಂಟೂವರೆ ಗಂಟೆ ವಿಮಾನ, ಮೂರು ಗಂಟೆ ವ್ಯಾನು

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕಿಗೆ ಸುಮಾರು 15,300 ಕಿಲೋಮೀಟರ್. ಗಂಟೆಗೆ 900ರಂತೆ ಭಾಗಿಸಿ, 17 ಗಂಟೆ ಅಂತ ನಾನು ನೆಮ್ಮದಿಯಾಗಿದ್ದೆ. ಆದರೆ ಟಿಕೆಟ್‌ನಲ್ಲಿ ಹದಿನೆಂಟೂವರೆ ಅಂತಿತ್ತು. ಆಮೇಲೆ ಮ್ಯಾಪ್ ನೋಡಿದಾಗ ಗೊತ್ತಾಯಿತು. ಈ ಎರಡು ಊರುಗಳ ನಡುವಿನ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ನಮ್ಮ ವಿಮಾನ ಆ ಕಡೆ ತಲೆ ಹಾಕಲಿಲ್ಲ. ಹಿಂದಿನಿಂದ ತಳ್ಳುವ ಗಾಳಿ ಹುಡುಕಿಕೊಂಡು ಪೆಸಿಫಿಕ್ ಮೇಲೆ ಸುತ್ತಿ ಹೋಯಿತು.

2018ರಲ್ಲಿ ಸಿಂಗಾಪುರ್ ಏರ್‌ಲೈನ್ಸ್ ಈ ನೇರ ವಿಮಾನ ಮತ್ತೆ ಶುರು ಮಾಡಿದಾಗ ಅದರಲ್ಲಿ ಇಟ್ಟದ್ದು ಬರೀ 161 ಸೀಟು. ಮಾಮೂಲಿ ಎಕಾನಮಿ ಇಲ್ಲವೇ ಇಲ್ಲ. ದುಬಾರಿ ನಿಜ, ಆದರೆ ಗದ್ದಲ ಕಂಡರೆ ಆಗದ ನನ್ನಂಥವರಿಗೆ ಅದೇ ಸುಖ.

ನಾನು ಮೋಸ ಹೋದದ್ದು ಗಡಿಯಾರದಲ್ಲಿ. ಬೇಸಿಗೆಯಲ್ಲಿ ಎರಡೂ ಊರಿಗೆ ಸರಿಯಾಗಿ 12 ಗಂಟೆ ವ್ಯತ್ಯಾಸ. ರಾತ್ರಿ ಹನ್ನೊಂದೂವರೆಗೆ ಹೊರಟು ಬೆಳಿಗ್ಗೆ ಆರಕ್ಕೆ ಇಳಿಯುವುದು ಅಂದರೆ ರಾತ್ರಿ ಬಸ್ಸಿನ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಹೋಟೆಲಿನಲ್ಲಿ ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಕಾಲು ಊದಿಕೊಂಡಿದ್ದವನು ವಾದ ಮಾಡಲಾಗದೆ ಅರ್ಧ ದಿನದ ಬಾಡಿಗೆ ಜಾಸ್ತಿ ಕೊಟ್ಟೆ. ನೀವು ಹಿಂದಿನ ರಾತ್ರಿಯಿಂದಲೇ ರೂಮು ಹಿಡಿಯಿರಿ. ಇಲ್ಲವಾದರೆ ಬ್ಯಾಗ್ ಅಲ್ಲಿಟ್ಟು ಊರು ಸುತ್ತಿ.

ಇನ್ನೊಂದು ಪೆದ್ದತನ. ನ್ಯೂವಾರ್ಕ್ ಆದರೇನು, ನ್ಯೂಯಾರ್ಕಿನ ಇನ್ನೊಂದು ವಿಮಾನ ನಿಲ್ದಾಣ ಜೆಎಫ್‌ಕೆ ಆದರೇನು, ಚಾಂಗಿಯಿಂದ ಎರಡೂ ಹೆಚ್ಚುಕಮ್ಮಿ ಅಷ್ಟೇ ದೂರ ಅಂದುಕೊಂಡು ರೂಮು ಮಾಡಿದ್ದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್‌ನಲ್ಲಿ. ಜೆಎಫ್‌ಕೆ ಕ್ವೀನ್ಸಿನಲ್ಲೇ ಇದೆ. ನ್ಯೂವಾರ್ಕ್ ಇರುವುದು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ನಡುವೆ ಇಡೀ ಮ್ಯಾನ್‌ಹ್ಯಾಟನ್. ಹಂಚಿಕೊಂಡು ಹೋಗುವ ವ್ಯಾನ್ ಅಗ್ಗ ಅಂತ ಹತ್ತಿದೆ. ಡ್ರೈವರ್ ಏಳು ಜನರನ್ನು ತುಂಬಿಕೊಂಡು ಒಂದೊಂದೇ ಹೋಟೆಲಿನ ಮುಂದೆ ಇಳಿಸುತ್ತಾ ಹೋದ. ನಾನೇ ಕೊನೆಯವನು. ಎ.ಸಿ. ಕೆಲಸ ಮಾಡುತ್ತಿರಲಿಲ್ಲ. ನನ್ನ ಸೂಟ್‌ಕೇಸ್ ಮೇಲೆ ಯಾರದೋ ಗಿಟಾರ್. ಮೂರು ಗಂಟೆ! ವಿಮಾನದಲ್ಲೂ ಅಷ್ಟು ಬೇಜಾರಾಗಿರಲಿಲ್ಲ.

ವ್ಯಾನ್ ಹತ್ತಬೇಡಿ. ವಿಮಾನ ನಿಲ್ದಾಣದೊಳಗಿನ ಪುಟ್ಟ ರೈಲು ಏರ್‌ಟ್ರೇನ್ ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದು, ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ನ್ಯೂಯಾರ್ಕಿನ ಪೆನ್ ಸ್ಟೇಷನ್, ಅಲ್ಲಿಂದ ‘ಇ’ ಮಾರ್ಗದ ಮೆಟ್ರೋದಲ್ಲಿ ಜಾಕ್ಸನ್ ಹೈಟ್ಸ್. ರೈಲಿನ ಟಿಕೆಟ್‌ನಲ್ಲೇ ಏರ್‌ಟ್ರೇನ್ ದುಡ್ಡೂ ಸೇರಿರುತ್ತದೆ.

ಜಾಕ್ಸನ್ ಹೈಟ್ಸ್ ಬಗ್ಗೆ ಮಾತ್ರ ಪಶ್ಚಾತ್ತಾಪ ಇಲ್ಲ. ಮೆಟ್ರೋ ಮೆಟ್ಟಿಲು ಹತ್ತಿ ಹೊರಗೆ ಬಂದರೆ ನೇಪಾಳಿ, ಟಿಬೆಟನ್ ಅಂಗಡಿಗಳ ಸಾಲು. ಅಲ್ಲೊಂದು ತಳ್ಳುಗಾಡಿಯಲ್ಲಿ ಒಬ್ಬ ಅಮ್ಮ ಮೋಮೋ ಮಾರುತ್ತಿದ್ದರು. ತೆಳ್ಳನೆಯ ಹಿಟ್ಟು, ಒಳಗೆ ಬಿಸಿ ರಸ. ಪಕ್ಕದಲ್ಲಿ ಕೆಂಪು ಖಾರ, ಎರಡನೇ ತುತ್ತಿಗೇ ಕಣ್ಣಲ್ಲಿ ನೀರು. ಮೊದಲ ದಿನ ಒಂದು ಪ್ಲೇಟ್ ತಿಂದು ಹೋದವನು ಅರ್ಧ ಗಂಟೆಯಲ್ಲಿ ವಾಪಸ್ ಬಂದೆ. ಅವರು ಏನೂ ಕೇಳದೆ ಇನ್ನೊಂದು ಪ್ಲೇಟ್ ಕೊಟ್ಟರು. ಖಾರ ಈ ಸಲ ಕಮ್ಮಿ ಹಾಕಿದ್ದರು.

ವಾಪಸ್ ಬರುವಾಗ ಲೆಕ್ಕ ಉಲ್ಟಾ. ಬೆಳಿಗ್ಗೆ ಹತ್ತರ ಸುಮಾರಿಗೆ ಹೊರಟರೆ ಇಳಿಯುವುದು ಮಾರನೆ ದಿನ ಸಂಜೆ. ರಜೆ ಹಾಕುವಾಗ ಆ ಒಂದು ದಿನ ಸೇರಿಸಿ ಬರೆಯಿರಿ. ನಾನು ಮರೆತಿದ್ದೆ.