ದಾಸ್ತಾನು ವಹಿಯಲ್ಲಿ ಇಲ್ಲದ ಕನ್ನಡಿ

ಶನಿವಾರ ಬೆಳಿಗ್ಗೆ ಯಲಹಂಕದಲ್ಲಿ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದೆ. ಚೀಲದಲ್ಲಿ ಚಿತ್ರಾನ್ನದ ಡಬ್ಬಿಯೂ, ಮುಖ್ಯೋಪಾಧ್ಯಾಯರು ಎರಡು ಸಲ ತಿದ್ದಿಸಿ ಸಹಿ ಹಾಕಿದ ಒ.ಒ.ಡಿ. (ಅನ್ಯ ಕರ್ತವ್ಯದ ಮೇಲೆ ಹೋಗುವ ಅನುಮತಿ) ಪತ್ರವೂ ಇದ್ದವು. ಹೋಗಬೇಕಾದದ್ದು ಗೌರಿಬಿದನೂರಿಗೆ. ಸುತ್ತಲಿನ ಪ್ರೌಢಶಾಲೆಗಳ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟರು, ಮೇಡಂಗಳು ಆಗಾಗ ಒಂದೆಡೆ ಸೇರಿ ಪಾಠದ ಉಪಾಯಗಳನ್ನು ಹಂಚಿಕೊಳ್ಳುತ್ತಾರೆಂದು ಕೇಳಿದ್ದೆ. ಭತ್ಯೆಯಿಲ್ಲ, ಪ್ರಮಾಣಪತ್ರವಿಲ್ಲ, ಹಾರ ತುರಾಯಿಯ ಉದ್ಘಾಟನೆಯೂ ಇಲ್ಲ. ಹೊರಡಲು ಅಷ್ಟೇ ಸಾಕಾಗಿತ್ತು.

ದೊಡ್ಡಬಳ್ಳಾಪುರ ದಾಟಿದ ಮೇಲೆ ಮಾಕಳಿದುರ್ಗದ ಬೆಟ್ಟ ಕಿಟಕಿಯ ತುಂಬ ಬಂದು ನಿಂತಿತು. ಭೌತಶಾಸ್ತ್ರದ ಮೇಷ್ಟರಾಗಿದ್ದ ಎಚ್. ನರಸಿಂಹಯ್ಯನವರ ಹೊಸೂರು ಇದೇ ಗೌರಿಬಿದನೂರು ಸೀಮೆಯದು. ಓದುವ ಆಸೆಗೆ ಆ ಹುಡುಗ ಅಲ್ಲಿಂದ ಬೆಂಗಳೂರಿಗೆ ನಡೆದೇ ಬಂದಿದ್ದ. ಕಾಲು ಚಾಚಿ ಕುಳಿತು ಅದನ್ನು ನೆನೆಯುವಾಗ ಸ್ವಲ್ಪ ಸಂಕೋಚವೇ ಆಯಿತು.

ಶಾಲೆಯ ಕೊಠಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಮೊದಲಿಗೇ ಒಬ್ಬರು ಪ್ರತಿ ಮೇಜಿಗೂ ಒಂದು ಸೆಲ್, ಒಂದು ಟಾರ್ಚ್ ಬಲ್ಬು, ಒಂದೇ ಒಂದು ತಂತಿ ಕೊಟ್ಟು, ಬಲ್ಬು ಉರಿಸಿ ಎಂದರು. ಹದಿನೆಂಟು ವರ್ಷ ಓಮನ ನಿಯಮ ಕಲಿಸಿದ ನಾನು ಬಲ್ಬಿನ ತುದಿಯನ್ನೇ ಸೆಲ್‌ಗೂ ತಂತಿಗೂ ಒತ್ತುತ್ತ ಬೆವರಿದೆ. ಪಕ್ಕದ ಮೇಡಂ ತಂತಿಯನ್ನು ಬಲ್ಬಿನ ಲೋಹದ ಮೈಗೆ ತಾಗಿಸಿದರು, ಹೊತ್ತಿಕೊಂಡಿತು. ಪ್ರಯೋಗಾಲಯದಲ್ಲಿ ಬಲ್ಬು ಯಾವಾಗಲೂ ಹೋಲ್ಡರಿನೊಳಗೆ ಕುಳಿತಿರುತ್ತದೆ. ಅದಕ್ಕೆ ಎರಡು ಕೊನೆಗಳಿರುವುದನ್ನು ನಾವು ನೋಡುವುದು ಯಾವಾಗ? ಆ ಹೋಲ್ಡರಾದರೂ ಬೀರುವಿನೊಳಗೆ, ಬೀರುವಿನ ಕೀಲಿ ಇನ್ನೆಲ್ಲೋ. ಒಡೆದರೆ ದಾಸ್ತಾನು ವಹಿಗೆ ಉತ್ತರ ಹೇಳಬೇಕೆಂಬ ಭಯಕ್ಕೆ ನಮ್ಮ ಉಪಕರಣಗಳು ಹೊಸದಾಗಿಯೇ ಮುದಿಯಾಗುತ್ತವೆ.

ಆಮೇಲೆ ಒಬ್ಬ ಹಿರಿಯ ಮೇಷ್ಟರು ಜೇಬಿನಿಂದ ಜಾತ್ರೆಯಲ್ಲಿ ಕೊಂಡ ಚೌಕ ಕನ್ನಡಿ ತೆಗೆದರು. ಅದಕ್ಕೆ ಅಂಟಿಸಿದ ಕಪ್ಪು ಕಾಗದದಲ್ಲಿ ಒಂದು ಸೆಂಟಿಮೀಟರ್ ಅಗಲದ ಚೌಕ ಕಿಂಡಿ ಇತ್ತು. ಅಂಗಳದ ಬಿಸಿಲಿನಲ್ಲಿ ಅದನ್ನು ಇಟ್ಟಿಗೆಗೆ ಒರಗಿಸಿ, ಬೆಳಕನ್ನು ಬಾಗಿಲ ಮೂಲಕ ಕತ್ತಲೆಯ ಕೊಠಡಿಯ ಗೋಡೆಗೆ ಹಾಯಿಸಿದರು. ಕಿಂಡಿ ಚೌಕ, ಗೋಡೆಯ ಮೇಲೆ ಬಿದ್ದದ್ದು ದುಂಡು! ಅದು ಕಿಂಡಿಯ ಆಕಾರವಲ್ಲ, ಸೂರ್ಯನ ಬಿಂಬ. ಕನ್ನಡಿಯಿಂದ ಗೋಡೆಗೆ ಟೇಪು ಹಿಡಿದರೆ 13 ಮೀಟರ್, ಬಿಂಬದ ಅಗಲ 13 ಸೆಂಟಿಮೀಟರ್. ನೂರಕ್ಕೆ ಒಂದು. ಸೂರ್ಯನ ದೂರಕ್ಕೂ ಅಗಲಕ್ಕೂ ಇರುವುದು ಇದೇ ಪ್ರಮಾಣ. ಸೂರ್ಯ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಹಾಗಾದರೆ ಅವನ ವ್ಯಾಸ 15 ಲಕ್ಷ ಕಿಲೋಮೀಟರ್. ಪುಸ್ತಕದಲ್ಲಿರುವುದು ಸುಮಾರು 13.9 ಲಕ್ಷ. ಜಾತ್ರೆಯ ಕನ್ನಡಿಗೆ ಇಷ್ಟು ಸಾಕು ಎಂದು ನಾವು ಚಪ್ಪಾಳೆ ತಟ್ಟುವ ಹೊತ್ತಿಗೆ, ಹಿಂದಿನ ಬೆಂಚಿನಿಂದ ಈಗಷ್ಟೇ ಕೆಲಸಕ್ಕೆ ಸೇರಿದ ಮೇಡಂ ಒಬ್ಬರು, “ಸರ್, ಕಿಂಡಿಯ ಅಗಲವೂ ಬಿಂಬಕ್ಕೆ ಸೇರಿಕೊಂಡಿದೆಯಲ್ಲವೇ? ಒಂದು ಸೆಂಟಿಮೀಟರ್ ಕಳೆಯಬೇಕು” ಎಂದರು. ಕಳೆದೆವು. 1300ನ್ನು 12ರಿಂದ ಭಾಗಿಸಿದರೆ 108, 15 ಕೋಟಿಯನ್ನು ಅದರಿಂದ ಭಾಗಿಸಿದರೆ ವ್ಯಾಸ 13.9 ಲಕ್ಷಕ್ಕೆ ಹತ್ತಿರ ಹತ್ತಿರ. ಹಿರಿಯರು ಮಾತಾಡಲಿಲ್ಲ. ಸೀಮೆಸುಣ್ಣವನ್ನು ಆಕೆಯ ಕೈಗಿತ್ತು ಬೆಂಚಿಗೆ ಹೋಗಿ ಕುಳಿತರು.

ಊಟವಾದ ಮೇಲೆ, ಮೊದಲೇ ಅನುಮತಿ ಪಡೆದಿದ್ದರಿಂದ, ಟೆಂಪೊ ಮಾಡಿಕೊಂಡು, ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ರೇಡಿಯೊ ವೀಕ್ಷಣಾಲಯಕ್ಕೆ ಹೋದೆವು. ದೊಡ್ಡ ತಟ್ಟೆಯಾಕಾರದ ಆಂಟೆನಾವನ್ನು ನಿರೀಕ್ಷಿಸಿದವರಿಗೆ ನಿರಾಸೆ: ಬಯಲು, ಕಂಬ, ತಂತಿ. 1976ರಲ್ಲಿ ಆರಂಭವಾದ ಇಲ್ಲಿನ ದೂರದರ್ಶಕ ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ ಹರಡಿದ 1000 ಡೈಪೋಲ್‌ಗಳದು, ಅಂದರೆ ಸರಳ ತಂತಿ ಆಂಟೆನಾಗಳದು. ಅದು ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಸ್. ಅಲ್ಲೇ ನಿಂತು ಲೆಕ್ಕ ಹಾಕಿದೆವು, ತರಂಗದೂರ 8.7 ಮೀಟರ್. ಇಷ್ಟುದ್ದದ ಅಲೆಯ ಮುಂದೆ ಸಾಮಾನ್ಯ ತಟ್ಟೆ ಯಾವ ಲೆಕ್ಕ! ಸೂಕ್ಷ್ಮವಾಗಿ ನೋಡಬೇಕಾದರೆ ಕಿಲೋಮೀಟರಿನಷ್ಟು ಹರಡಿಕೊಳ್ಳಲೇಬೇಕು. ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ಗಮನಿಸುವ ರೇಡಿಯೊ ಹೀಲಿಯೋಗ್ರಾಫಿನ ಆಂಟೆನಾಗಳಂತೂ ಮಾಳಿಗೆಯ ಮೇಲಿನ ಹಳೆಯ ಟಿ.ವಿ. ಆಂಟೆನಾಗಳ ಅಣ್ಣತಮ್ಮಂದಿರಂತಿದ್ದವು. ಬೆಳಿಗ್ಗೆ ಗೋಡೆಯ ಮೇಲೆ ಹಿಡಿದವನನ್ನೇ ಇಲ್ಲಿ ತಂತಿಯಲ್ಲಿ ಹಿಡಿಯುತ್ತಿದ್ದಾರೆ ಎಂದು ಯಾರೋ ಅಂದರು.

ಸಂಜೆ ಪೇಟೆಯಲ್ಲಿ ನಾನೂ ಒಂದು ಚೌಕ ಕನ್ನಡಿ ಕೊಂಡೆ. ರಸೀದಿ ಕೇಳಲಿಲ್ಲ.

ರೈಲಿನಲ್ಲಿ ಪಶ್ಚಿಮದ ಕಿಟಕಿಯಿಂದ ಬಿಸಿಲು ಬರುತ್ತಿತ್ತು. ತಡೆಯಲಾರದೆ ಕನ್ನಡಿ ಹಿಡಿದು, ಎದುರಿನ ಹುಡುಗನಿಗೆ ದುಂಡು ಸೂರ್ಯನನ್ನು ತೋರಿಸುತ್ತೇನೆಂದೆ. ಬೋಗಿಯ ಗೋಡೆಯ ಮೇಲೆ ಚೌಕ ಬೆಳಕು ಬಿತ್ತು.

“ಇದು ಚೌಕವಾಗಿದೆಯಲ್ಲ, ಅಂಕಲ್?”

“ದೂರ ಸಾಲದು ಮರಿ.”

ಅವನು ಕಿಟಕಿಯಾಚೆ ನೋಡಿದ. ಮಾಕಳಿದುರ್ಗ ಬರುತ್ತಿತ್ತು. “ಆ ಬೆಟ್ಟದ ಮೇಲೆ ಬಿಟ್ಟರೆ?”

ಜೇಬಿನಲ್ಲಿ ಪೆನ್ನು ಹುಡುಕಿದೆ. ಬರೆಯಲು ಸಿಕ್ಕಿದ್ದು ಒ.ಒ.ಡಿ. ಪತ್ರದ ಬೆನ್ನು ಮಾತ್ರ.